ದಾಖಲೆ ಮೇಲಕ್ಕೋ, ಮನೆಗೋ?

ಪೋಷಕರ ಸಭೆಯಲ್ಲಿ ಶಿಕ್ಷಕರ ಬಾಯಿಂದ ಬರುವ ಮಾತುಗಳನ್ನೆಲ್ಲ ಬರೆದಿಟ್ಟರೂ ಅರ್ಧ ಪುಟ ತುಂಬುವುದು ಕಷ್ಟ. ‘ಹುಷಾರಿದ್ದಾಳೆ, ಆದರೆ ಮಾತು ಜಾಸ್ತಿ.’ ‘ಗಣಿತದಲ್ಲಿ ಸ್ವಲ್ಪ ವೀಕು, ಮನೇಲಿ ಗಮನ ಕೊಡಿ.’ ‘ಮೊಬೈಲ್ ಕೈಗೆ ಕೊಡಬೇಡಿ.’ ಎದುರಿಗೆ ಕೂತ ತಾಯಿ ‘ಆಯ್ತು ಮೇಡಂ, ನೀವೇ ಸ್ವಲ್ಪ ಗದರಿಸಿ ಹೇಳಿ, ನಮ್ಮ ಮಾತು ಕೇಳಲ್ಲ’ ಅನ್ನುತ್ತಾರೆ. ತೋರಿಸಿದ ಕಡೆ ಸಹಿ ಹಾಕುತ್ತಾರೆ, ಬಾರದಿದ್ದರೆ ಹೆಬ್ಬೆಟ್ಟು ಒತ್ತುತ್ತಾರೆ. ಸರತಿಯಲ್ಲಿ ಹಿಂದೆ ನಿಂತವರು ಮುಂದೆ ಬರುತ್ತಾರೆ. ಮಗು ಈ ಐದು ತಿಂಗಳಲ್ಲಿ ಏನು ಕಲಿಯಿತು, ಯಾವ ದಾರಿಯಲ್ಲಿ ಕಲಿಯಿತು, ಈಗ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂಬ ಮಾತು ಮಾತ್ರ ಇಬ್ಬರ ನಡುವೆ ಬರುವುದೇ ಇಲ್ಲ.

ಕಾನೂನಿನ ನಿರೀಕ್ಷೆ ಇದಕ್ಕಿಂತ ದೊಡ್ಡದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯಗಳನ್ನು ಹೇಳುವಾಗ, ಪೋಷಕರ ಸಭೆಗಳನ್ನು ನಿಯತವಾಗಿ ನಡೆಸಿ ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ, ಕಲಿಕೆಯಲ್ಲಿ ಆಗಿರುವ ಪ್ರಗತಿ ಎಲ್ಲವನ್ನೂ ತಿಳಿಸಬೇಕು ಎನ್ನುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರಗತಿ ಪತ್ರವು ಮನೆ ಮತ್ತು ಶಾಲೆಯ ನಡುವಿನ ಕೊಂಡಿಯಾಗಬೇಕು, ಅದರಲ್ಲಿ ಶಿಕ್ಷಕರ ಮಾತಿನ ಜೊತೆಗೆ ಮಗು ತನ್ನ ಬಗ್ಗೆ ತಾನೇ ಹೇಳುವ ಮಾತೂ ಇರಬೇಕು ಎಂದು ಬಯಸಿತು. ನಮ್ಮ ಸರ್ಕಾರಿ ಶಾಲೆಗಳಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ (ಎಫ್‌ಎ), ಎರಡು ಸಂಕಲನಾತ್ಮಕ (ಎಸ್‌ಎ) ಮೌಲ್ಯಮಾಪನ ನಡೆಯುತ್ತವೆ. ಎ ಪ್ಲಸ್‌ನಿಂದ ಸಿ ವರೆಗೆ ಶ್ರೇಣಿ ಬೀಳುತ್ತದೆ. ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮದ ದಿನ ಉತ್ತರ ಪತ್ರಿಕೆಗಳನ್ನು ತಂದೆತಾಯಿಯ ಕೈಗೆ ಕೊಡಲಾಗುತ್ತದೆ. ಏರ್ಪಾಡಿಗೇನೂ ಕೊರತೆಯಿಲ್ಲ. ಆದರೆ ‘ಬಿ ಪ್ಲಸ್’ ಎಂದರೆ ತಮ್ಮ ಮಗಳಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಅದನ್ನು ನೋಡಿ ಯಾವ ತಾಯಿಯೂ ಹೇಳಲಾರರು. ಎಂ.ಎ. ಓದಿದ ತಾಯಿಯೂ ಹೇಳಲಾರರು.

ಇಂಥ ಸಭೆಯ ಮೇಜಿನ ಮೇಲೆ ಈಗ ಟ್ಯಾಬ್ ಬಂದು ಕೂತಿದೆ. ಐಪ್ಯಾಡ್ ಮಾರುಕಟ್ಟೆಗೆ ಬಂದದ್ದು 2010ರಲ್ಲಿ. ಮುಂದಿನ ಕೆಲವೇ ವರ್ಷಗಳಲ್ಲಿ ಅಮೆರಿಕದ ಪ್ರಾಥಮಿಕ ಶಾಲೆಗಳಲ್ಲಿ ಸೀಸಾ, ಕ್ಲಾಸ್‌ಡೋಜೊ ತರಹದ ಆ್ಯಪ್‌ಗಳು ಮಗುವಿನ ಚಿತ್ರ, ಓದು, ಲೆಕ್ಕ ಎಲ್ಲವನ್ನೂ ಸೆರೆಹಿಡಿದು ಪೋಷಕರಿಗೆ ತಲುಪಿಸತೊಡಗಿದವು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಖಾಸಗಿ ಶಾಲೆಗಳಲ್ಲೂ ಇದರ ಬಗೆಬಗೆಯ ರೂಪಗಳಿವೆ. ಸರ್ಕಾರಿ ಶಾಲೆಯ ಶಿಕ್ಷಕಿಗೆ ಟ್ಯಾಬ್ ಇಲ್ಲದಿದ್ದರೆ ಸ್ವಂತ ಫೋನೇ ಟ್ಯಾಬ್. ಈ ಸಾಧನ ತರಗತಿಗೆ ಬೇಕೇ ಬೇಡವೇ ಎಂಬ ಚರ್ಚೆಯನ್ನು ನಾನು ಬೆಳೆಸುವುದಿಲ್ಲ, ಅದು ಆಗಲೇ ಒಳಗೆ ಬಂದಾಗಿದೆ. ನನ್ನ ವಾದ ಇಷ್ಟು: ಅದರಲ್ಲಿ ದಾಖಲಾಗುವುದು ತೀರ ಕಡಿಮೆ ಇರಬೇಕು, ಮತ್ತು ದಾಖಲಾದದ್ದು ಮೇಲಿನ ಕಚೇರಿಗೆ ಹೋಗುವ ಸಾಕ್ಷಿಯಾಗದೆ ಮನೆಯವರೊಂದಿಗೆ ಮಾತು ತೆಗೆಯುವ ನೆಪವಾಗಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಟ್ಯಾಬ್ ಇಲ್ಲದ ಹಳೆಯ ಸಭೆಯೇ ವಾಸಿ.

ಮೂರನೇ ತರಗತಿಯ ಹುಡುಗನೊಬ್ಬ 43ರಲ್ಲಿ 27 ಕಳೆದು 24 ಎಂದು ಬರೆದಿದ್ದಾನೆ ಎಂದುಕೊಳ್ಳೋಣ. ಈ ತಪ್ಪನ್ನು ಕಾಣದ ಪ್ರಾಥಮಿಕ ಶಾಲಾ ಶಿಕ್ಷಕರಿಲ್ಲ. ಉತ್ತರ ಪತ್ರಿಕೆಯಲ್ಲಿ ಕೆಂಪು ಶಾಯಿಯ ಇಂಟು ಗುರುತು, ಪಕ್ಕದಲ್ಲಿ ಸೊನ್ನೆ. ಅಪ್ಪ ಅದನ್ನು ನೋಡಿದರೆ ಮಗನಿಗೆ ಕಳೆಯುವ ಲೆಕ್ಕ ಬರುವುದಿಲ್ಲ ಎಂದಷ್ಟೇ ತಿಳಿಯುತ್ತಾನೆ. ಅದೇ ಲೆಕ್ಕ ಮಾಡುವಾಗ ಶಿಕ್ಷಕಿ ‘ಹೇಗೆ ಮಾಡ್ದೆ, ಹೇಳು’ ಎಂದು ಕೇಳಿ ನಲವತ್ತು ಸೆಕೆಂಡು ರೆಕಾರ್ಡ್ ಮಾಡಿಕೊಂಡಿದ್ದರೆ ಕೇಳಿಸುವುದೇ ಬೇರೆ: ‘ಮೂರರಲ್ಲಿ ಏಳು ಹೋಗಲ್ಲ ಮಿಸ್. ಅದಕ್ಕೆ ಏಳರಲ್ಲಿ ಮೂರು ತೆಗ್ದೆ, ನಾಲ್ಕು ಬಂತು. ನಾಲ್ಕರಲ್ಲಿ ಎರಡು ಹೋದ್ರೆ ಎರಡು.’ ಹುಡುಗ ಕಣ್ಣುಮುಚ್ಚಿ ಏನೋ ಬರೆದಿಲ್ಲ. ದೊಡ್ಡದರಲ್ಲಿ ಚಿಕ್ಕದನ್ನೇ ಕಳೆಯಬೇಕು ಎಂದು ಯಾರೋ ಎಂದೋ ಹೇಳಿದ್ದನ್ನು ಶ್ರದ್ಧೆಯಿಂದ ಪಾಲಿಸಿದ್ದಾನೆ. ಪಕ್ಕದ ಮನೆಯಿಂದ ಒಂದು ಹತ್ತನ್ನು ಬಿಡಿಸಿ ತರುವುದು ಅವನಿಗಿನ್ನೂ ಹೊಳೆದಿಲ್ಲ, ಅಷ್ಟೆ. ಇದನ್ನು ಕೇಳಿದ ಅಪ್ಪ ಮಗನನ್ನು ದಡ್ಡ ಎನ್ನಲಾರ. ಶಿಕ್ಷಕಿಗೂ ‘ಗಣಿತದಲ್ಲಿ ವೀಕು’ ಎಂಬ ಮಾತು ಸಾಲದಾಗುತ್ತದೆ.

ಇಲ್ಲಿಂದಾಚೆಗೆ ನಡೆಯಬಹುದಾದದ್ದು ಇನ್ನೂ ಮುಖ್ಯ. ಅಪ್ಪ ತರಕಾರಿ ಗಾಡಿಯವನಾಗಿದ್ದರೆ ತಟ್ಟನೆ ಹೇಳುತ್ತಾನೆ: ‘ಅಲ್ಲ ಮೇಡಂ, ಗಾಡಿ ಹತ್ರ ನಿಂತಾಗ ಐವತ್ತರ ನೋಟಿಗೆ ಇಪ್ಪತ್ತೇಳು ಮುರ್ಕೊಂಡು ಚಿಲ್ಲರೆ ಸರಿಯಾಗೇ ಕೊಡ್ತಾನಲ್ಲ?’ ಇದು ಮಗನ ಮೇಲಿನ ಮಮತೆ ಆಡಿಸುವ ಮಾತಲ್ಲ. 1985ರಲ್ಲಿ ಪ್ರಕಟವಾದ, ಬ್ರೆಜಿಲಿನ ರೆಸಿಫೆ ನಗರದ ಬೀದಿಗಳಲ್ಲಿ ವ್ಯಾಪಾರ ಮಾಡುತ್ತಿದ್ದ ಐವರು ಮಕ್ಕಳ ಅಧ್ಯಯನವೊಂದು ಶಿಕ್ಷಣ ವಲಯದಲ್ಲಿ ಹೆಸರುವಾಸಿ. ಗಿರಾಕಿಯ ಎದುರು ಮಾಡಿದ ಲೆಕ್ಕಗಳಲ್ಲಿ ಆ ಮಕ್ಕಳದ್ದು ಶೇ 98ರಷ್ಟು ಸರಿ. ಅಂಥವೇ ಲೆಕ್ಕಗಳನ್ನು ಬರಿಯ ಅಂಕಿಗಳಾಗಿ ಕೊಟ್ಟಾಗ ಸರಿಯಾದದ್ದು ಶೇ 37ರಷ್ಟು ಮಾತ್ರ. ಅಷ್ಟು ದೂರವೇಕೆ, ದೆಹಲಿ ಮತ್ತು ಕೋಲ್ಕತ್ತದ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದದ್ದೂ ಇದೇ ದಿಕ್ಕಿನದು: ಸಂತೆಯ ಲೆಕ್ಕ ಬಲ್ಲವರು ಶಾಲೆಯ ಲೆಕ್ಕದಲ್ಲಿ ಎಡವುತ್ತಾರೆ, ಶಾಲೆಯ ಲೆಕ್ಕ ಬಲ್ಲವರು ಸಂತೆಯಲ್ಲಿ ಎಡವುತ್ತಾರೆ. ಎರಡರ ನಡುವೆ ಸೇತುವೆ ಹಾಕಬೇಕಾದವರು ಶಿಕ್ಷಕಿ. ಆಚೆ ದಡದಲ್ಲಿ ಏನಿದೆ ಎಂದು ಗೊತ್ತಿರುವುದು ಅಪ್ಪನಿಗೆ. ಶ್ರೇಣಿಯ ಕಾಗದ ಅವನಿಗೆ ಬಾಯಿ ಬಿಡುವ ಅವಕಾಶವನ್ನೇ ಕೊಡುವುದಿಲ್ಲ. ನಲವತ್ತು ಸೆಕೆಂಡಿನ ದನಿ ಕೊಡುತ್ತದೆ.

ಪೋಷಕರ ಸಭೆ ಎಂದರೆ ಶಾಲೆ ಹೇಳುವುದು, ಮನೆ ಕೇಳುವುದು ಎಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ಅಕ್ಷರ ಬಾರದ ತಾಯಿಗಂತೂ ಅಲ್ಲಿ ಕೈಕಟ್ಟಿ ಕೂರುವುದಷ್ಟೇ ಕೆಲಸ. ಅವರ ಮುಂದೆ ಜೂನ್‌ನಲ್ಲಿ ಮಗಳು ಒಂದು ಪುಟ ಓದಿದ್ದನ್ನೂ ನವೆಂಬರಿನಲ್ಲಿ ಅದೇ ಪುಟ ಓದಿದ್ದನ್ನೂ ಒಂದರ ಹಿಂದೊಂದು ಕೇಳಿಸಿ ನೋಡಿ. ಮೊದಲನೆಯದರಲ್ಲಿ ಒತ್ತಕ್ಷರ ಬಂದಲ್ಲೆಲ್ಲ ಗಾಡಿ ನಿಲ್ಲುತ್ತದೆ. ‘ಹಕ್ಕಿ’ ‘ಹಕಿ’ಯಾಗುತ್ತದೆ, ‘ಸ್ನಾನ’ದ ಹತ್ತಿರ ಬಂದು ಮಗು ಸುಮ್ಮನಾಗಿಬಿಡುತ್ತದೆ. ಎರಡನೆಯದರಲ್ಲಿ ತಡವರಿಸಿದರೂ ನಿಲ್ಲುವುದಿಲ್ಲ, ತಪ್ಪಿದ್ದನ್ನು ತಾನೇ ಹಿಂದೆ ಹೋಗಿ ಸರಿಮಾಡಿಕೊಳ್ಳುತ್ತದೆ. ಈ ವ್ಯತ್ಯಾಸ ತಿಳಿಯಲು ಅಕ್ಷರ ಬೇಕಿಲ್ಲ, ಕಿವಿ ಸಾಕು. ಟ್ಯಾಬಿನ ನಿಜವಾದ ಉಪಕಾರ ಇದೊಂದೇ ಎಂದು ನನಗನ್ನಿಸುತ್ತದೆ: ಕಾಗದ ಹಿಡಿದಿಡಲಾರದ ದನಿಯನ್ನೂ ಎರಡು ದಿನಾಂಕಗಳ ನಡುವಿನ ಅಂತರವನ್ನೂ ಅದು ಹಿಡಿದಿಡುತ್ತದೆ. ಉಳಿದದ್ದಕ್ಕೆಲ್ಲ ನೋಟ್‌ಬುಕ್ಕೇ ಸಾಕು.

ಹಾಗೆ ನೋಡಿದರೆ ದಾಖಲಿಸುವ ಆಲೋಚನೆ ಹೊಸದೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ರಿಷಿವ್ಯಾಲಿ ಶಾಲೆಯ ಮಾದರಿ ನೋಡಿ ಬಂದು ಶುರುಮಾಡಿದ ನಲಿ-ಕಲಿ ಪದ್ಧತಿಯಲ್ಲಿ ಮಗು ಮೆಟ್ಟಿಲು ಮೆಟ್ಟಿಲಾಗಿ ಏಣಿ ಹತ್ತುತ್ತದೆ, ಎಲ್ಲಿಯವರೆಗೆ ಹತ್ತಿದೆ ಎಂಬುದು ಪ್ರಗತಿನೋಟದಲ್ಲಿ ಕಾಣುತ್ತದೆ. ಒಂದೇ ಕೊಠಡಿಯಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಬೇರೆಬೇರೆ ಮೆಟ್ಟಿಲುಗಳಲ್ಲಿ ಇರಬಹುದು ಎಂದು ಒಪ್ಪಿಕೊಂಡ ವ್ಯವಸ್ಥೆ ಅದು. ಅಂಕದ ವ್ಯವಸ್ಥೆಗಿಂತ ಎಷ್ಟೋ ಪಾಲು ಮಾನವೀಯ. ಮಕ್ಕಳ ಚಿತ್ರ, ಬರಹಗಳನ್ನು ಕೂಡಿಡುವ ಕೃತಿ ಸಂಪುಟವೂ ನಮ್ಮ ಶಾಲೆಗಳಿಗೆ ಗೊತ್ತು. ಅದು ಎಷ್ಟೋ ಕಡೆ ಬೀರುವಿನಲ್ಲಿ ದಾರ ಕಟ್ಟಿಕೊಂಡು ಕೂತಿರುತ್ತದೆ, ತನಿಖೆಯ ದಿನ ಹೊರಬರುತ್ತದೆ ಎಂಬುದೂ ಗೊತ್ತು.

ಇಟಲಿಯ ರೆಜ್ಜೊ ಎಮಿಲಿಯಾ ಪಟ್ಟಣದ ಕಥೆ ಇಲ್ಲಿ ಹೇಳಲೇಬೇಕು. ಎರಡನೇ ಮಹಾಯುದ್ಧ ಮುಗಿದ 1945ರಲ್ಲಿ ಅದರ ಸಮೀಪದ ಹಳ್ಳಿಯವರು ಜರ್ಮನ್ ಸೈನ್ಯ ಬಿಟ್ಟುಹೋಗಿದ್ದ ಟ್ಯಾಂಕು, ಲಾರಿ, ಕುದುರೆಗಳನ್ನು ಮಾರಿ, ಬಂದ ಹಣದಲ್ಲಿ ಮಕ್ಕಳಿಗೊಂದು ಶಾಲೆ ಕಟ್ಟಲು ಹೊರಟರು. ಅದನ್ನು ಕೇಳಿ ಸೈಕಲ್ ಹತ್ತಿ ನೋಡಲು ಬಂದ ತರುಣ ಶಿಕ್ಷಕ ಲೋರಿಸ್ ಮಲಗುತ್ಸಿ ಮುಂದೆ ಆ ಪಟ್ಟಣದ ಶಿಶುಶಾಲೆಗಳಿಗೆಲ್ಲ ದಾರಿ ತೋರಿದ. ಅಲ್ಲಿ ಶಿಕ್ಷಕಿಯರು ಮಕ್ಕಳ ಮಾತನ್ನು ಬರೆದುಕೊಳ್ಳುತ್ತಿದ್ದರು, ಫೋಟೊ ತೆಗೆಯುತ್ತಿದ್ದರು, ಧ್ವನಿಮುದ್ರಿಸುತ್ತಿದ್ದರು. ಆಮೇಲೆ ಒಟ್ಟಿಗೆ ಕೂತು ‘ಈ ಮಗು ಇಲ್ಲಿ ಏನು ಯೋಚಿಸುತ್ತಿತ್ತು’ ಎಂದು ಚರ್ಚಿಸುತ್ತಿದ್ದರು. ಪೋಷಕರು ಓದಲೆಂದು ಗೋಡೆಗೂ ಹಾಕುತ್ತಿದ್ದರು. ದಾಖಲೆ ಅವರ ಪಾಲಿಗೆ ತಾವು ಯೋಚಿಸುವ ಬಗೆಯಾಗಿತ್ತು. ಮಗು ಯಾವ ಮಟ್ಟದಲ್ಲಿದೆ ಎಂದು ಮೂರನೆಯವರಿಗೆ ರುಜುವಾತು ಮಾಡುವುದು ಅದರ ಕೆಲಸವಾಗಿರಲಿಲ್ಲ.

ರುಜುವಾತಿನ ಕಡೆ ವಾಲಿದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಶಿಶುಶಾಲೆಗಳು ಸಾಕ್ಷಿ. ಟ್ಯಾಬ್ ಮತ್ತು ಆನ್‌ಲೈನ್ ಡೈರಿಗಳು ಅಲ್ಲಿ ಬೇಗ ಹಬ್ಬಿದವು. ಮಗು ಮರಳಿನಲ್ಲಿ ಆಡಿದರೆ ಒಂದು ಫೋಟೊ, ಬಣ್ಣ ಬಳಿದರೆ ಒಂದು, ಪ್ರತಿಯೊಂದಕ್ಕೂ ಇಂಥ ಕಲಿಕಾ ಗುರಿ ಮುಟ್ಟಿದೆ ಎಂಬ ಗುರುತು. ಆಡಿಸಬೇಕಾದವರು ಟ್ಯಾಬ್ ಹಿಡಿದು ಪಕ್ಕದಲ್ಲಿ ಟೈಪ್ ಮಾಡುತ್ತ ನಿಲ್ಲುವಂತಾಯಿತು ಎಂಬ ದೂರು ಶಿಕ್ಷಕರಿಂದಲೇ ಬಂತು. 2021ರಲ್ಲಿ ಜಾರಿಗೆ ಬಂದ ಪರಿಷ್ಕೃತ ಚೌಕಟ್ಟಿನಲ್ಲಿ ಅಲ್ಲಿನ ಸರ್ಕಾರವೇ ಬರೆಯಬೇಕಾಯಿತು: ಮೌಲ್ಯಮಾಪನಕ್ಕಾಗಿ ಮಕ್ಕಳಿಂದ ಹೆಚ್ಚು ಹೊತ್ತು ದೂರ ಇರಬೇಕಿಲ್ಲ, ಅತಿಯಾದ ಕಾಗದಪತ್ರ ಬೇಡ, ಮಗುವಿನ ಮಟ್ಟವನ್ನು ಶಿಕ್ಷಕರು ತಮ್ಮ ತಿಳಿವಳಿಕೆಯಿಂದಲೇ ಹೇಳಬಹುದು, ಭೌತಿಕ ಪುರಾವೆ ಕೂಡಿಹಾಕಿ ಸಾಬೀತುಪಡಿಸುವಂತೆ ಅವರನ್ನು ಕೇಳಬಾರದು. ದಾಖಲೆಯ ದಾರಿಯಲ್ಲಿ ನಮಗಿಂತ ಬಹಳ ದೂರ ಹೋದವರು ಹಿಂದಿರುಗಿ ಬಂದು ಹೇಳಿದ ಮಾತು ಇದು. ಹೊಸ ಟ್ಯಾಬ್ ಕೊಳ್ಳುವವರು ಕೇಳಿಸಿಕೊಳ್ಳಬೇಕಾದದ್ದು.

ನಮ್ಮಲ್ಲಿ ಈ ಅಪಾಯ ಇನ್ನೂ ಹೆಚ್ಚು. ಇಲಾಖೆಯ ಸ್ಯಾಟ್ಸ್ ತಂತ್ರಾಂಶಕ್ಕೆ ಅಂಕ ತುಂಬಬೇಕು, ಬಿಸಿಯೂಟದ ಸಂಖ್ಯೆ ಕಳಿಸಬೇಕು, ಮೊಟ್ಟೆ-ಬಾಳೆಹಣ್ಣು ಹಂಚಿದ ಫೋಟೊ ಹಾಕಬೇಕು, ಸಸಿ ನೆಟ್ಟ ಫೋಟೊ, ಕೈತೊಳೆದ ಫೋಟೊ, ಪ್ರತಿಜ್ಞೆ ಮಾಡಿದ ಫೋಟೊ. ಕ್ಲಸ್ಟರ್ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಇನ್ನೂ ಫೋಟೊ ಹಾಕದ ಶಾಲೆಗಳು’ ಎಂಬ ಪಟ್ಟಿ ಸಂಜೆಯೊಳಗೆ ಬರುತ್ತದೆ. ಈ ವಾತಾವರಣದಲ್ಲಿ ‘ಮಕ್ಕಳ ಕಲಿಕೆಯ ವಿಡಿಯೊ ದಾಖಲೆ’ ಎಂಬ ಸುತ್ತೋಲೆಯೊಂದು ಹೊರಟರೆ ಮುಂದಿನದನ್ನು ಊಹಿಸಲು ಜ್ಯೋತಿಷ್ಯ ಬೇಕಿಲ್ಲ. ಚೆನ್ನಾಗಿ ಓದುವ ಇಬ್ಬರು ಮಕ್ಕಳು ಇಡೀ ವರ್ಷ ಕ್ಯಾಮೆರಾ ಮುಂದೆ ಓದುತ್ತಾರೆ. 43ರಲ್ಲಿ 27 ಕಳೆದು 24 ಎಂದವನು ಒಂದು ದಿನವೂ ಕಾಣಿಸಿಕೊಳ್ಳುವುದಿಲ್ಲ. ಮೇಲೆ ನೋಡುವ ಕಣ್ಣಿದೆ ಎಂದು ಗೊತ್ತಾದ ಕೂಡಲೇ ತಪ್ಪುಗಳು ದಾಖಲೆಯಿಂದ ಮಾಯವಾಗುತ್ತವೆ, ಮತ್ತು ಪೋಷಕರೊಂದಿಗೆ ಮಾತಾಡಲು ಬೇಕಾಗಿದ್ದದ್ದು ಆ ತಪ್ಪುಗಳೇ. ಒಂದೇ ದಾಖಲೆ ಎರಡೂ ಕೆಲಸಕ್ಕೆ ಆಗುತ್ತದೆ ಎಂಬುದು ಆಡಳಿತದವರ ಭ್ರಮೆ.

ಖಾಸಗಿ ಶಾಲೆಗಳ ಆ್ಯಪ್‌ಗಳಲ್ಲಿ ಈ ಕಾಯಿಲೆಗೆ ಇನ್ನೊಂದು ಮುಖ. ಅಲ್ಲಿ ಮೇಲಿನ ಕಣ್ಣೆಂದರೆ ಶುಲ್ಕ ಕಟ್ಟುವ ಪೋಷಕರೇ. ಬರುವುದೆಲ್ಲ ನಗುಮುಖದ ಫೋಟೊ, ಮುಗಿದ ಪ್ರಾಜೆಕ್ಟಿನ ಫೋಟೊ; ಆ ಪ್ರಾಜೆಕ್ಟನ್ನು ರಾತ್ರಿ ಹನ್ನೊಂದರವರೆಗೆ ಕೂತು ಮಾಡಿದವರು ಅಮ್ಮ ಎಂಬುದು ಅಮ್ಮನಿಗೂ ಗೊತ್ತು, ಟೀಚರಿಗೂ ಗೊತ್ತು. ಯಾರಿಗೂ ಹೊಸದೇನನ್ನೂ ತಿಳಿಸದ ಈ ಚಿತ್ರಗಳಿಗೆ ಎಲ್ಲರೂ ಹೆಬ್ಬೆರಳೆತ್ತಿದ ಇಮೋಜಿ ಹಾಕುತ್ತಾರೆ.

ಕ್ಯಾಮೆರಾ ಹಿಡಿದವರ ಮೇಲೂ ಅದರ ಪರಿಣಾಮವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮ್ಯೂಸಿಯಮ್ಮಿನ ವಸ್ತುಗಳ ಫೋಟೊ ತೆಗೆದವರಿಗೆ, ಅವನ್ನು ಸುಮ್ಮನೆ ನೋಡಿದವರಿಗಿಂತ ಕಡಿಮೆ ನೆನಪಿತ್ತು. ಆದರೆ ವಸ್ತುವಿನ ಒಂದು ಭಾಗವನ್ನೇ ಹತ್ತಿರಕ್ಕೆ ಎಳೆದು ತೆಗೆದವರ ನೆನಪು ಹಾಗೆ ಕುಂದಲಿಲ್ಲ. ತರಗತಿಗೂ ಮ್ಯೂಸಿಯಮ್ಮಿಗೂ ವ್ಯತ್ಯಾಸವಿದೆ, ನಿಜ. ಆದರೂ ಕೊಠಡಿಯ ತುಂಬ ಓಡಾಡುತ್ತ ಕ್ಲಿಕ್ಕಿಸುವ ಶಿಕ್ಷಕಿಗೂ ಒಂದೇ ಮಗುವಿನ ಪಕ್ಕ ಕೂತು ಅದರ ಒಂದೇ ಲೆಕ್ಕವನ್ನು ದಾಖಲಿಸುವ ಶಿಕ್ಷಕಿಗೂ ಇರುವ ಅಂತರವನ್ನು ಇದು ಸೂಚಿಸುತ್ತದೆ. ಮೊದಲನೆಯವರು ನೋಡುವ ಕೆಲಸವನ್ನು ಯಂತ್ರಕ್ಕೆ ವಹಿಸಿದ್ದಾರೆ. ಎರಡನೆಯವರಿಗೆ, ಟ್ಯಾಬ್ ಕೆಟ್ಟುಹೋದರೂ ಸಭೆಯಲ್ಲಿ ಹೇಳಲು ಮಾತಿರುತ್ತದೆ.

ಎಷ್ಟು ದಾಖಲಿಸಿದರೆ ಸಾಕು? ಲೆಕ್ಕ ಹಾಕೋಣ. ಮೂವತ್ತು ಮಕ್ಕಳ ತರಗತಿ; ಪ್ರತಿ ಮಗುವಿಗೆ ಅರ್ಧ ವರ್ಷಕ್ಕೆ ಎರಡು ರೆಕಾರ್ಡಿಂಗ್, ಒಂದು ಓದಿನದು, ಒಂದು ಲೆಕ್ಕದ್ದು, ತಲಾ ಒಂದು ನಿಮಿಷ. ಒಟ್ಟು ಒಂದು ಗಂಟೆ. ಇದು ಯಾರಿಗೂ ಹೊರೆಯಲ್ಲ. ಹೊರೆ ಇರುವುದು ಸಭೆಯ ಕಡೆ. ಮಗುವೊಂದಕ್ಕೆ ಎಂಟು ನಿಮಿಷ ಕೊಟ್ಟರೂ ಮೂವತ್ತು ಮಕ್ಕಳಿಗೆ ನಾಲ್ಕು ಗಂಟೆ ಬೇಕು. ನಮ್ಮ ಸಭೆಗಳಲ್ಲಿ ಆ ನಾಲ್ಕು ಗಂಟೆ ಎಲ್ಲಿದೆ? ಪ್ರಾರ್ಥನೆ, ಸ್ವಾಗತ, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಅಧ್ಯಕ್ಷರ ಎರಡು ಮಾತು, ಮುಖ್ಯ ಅತಿಥಿಗಳ ಇಪ್ಪತ್ತು ಮಾತು, ಮಕ್ಕಳ ನೃತ್ಯ, ವಂದನಾರ್ಪಣೆ. ಅಷ್ಟೂ ಹೊತ್ತು ಕೂತವರಲ್ಲಿ ಅರ್ಧ ಜನ ಆ ದಿನದ ಕೂಲಿ ಬಿಟ್ಟು ಬಂದವರು. ಬಾರದವರನ್ನು ನಾವು ‘ಪೋಷಕರಿಗೆ ಆಸಕ್ತಿ ಇಲ್ಲ’ ಎಂದು ಬರೆದುಕೊಳ್ಳುತ್ತೇವೆ. ಒಂದೇ ದಿನದ ಸಮಾರಂಭವನ್ನು ಒಡೆದು, ವಾರದುದ್ದಕ್ಕೆ ಸಂಜೆ ಐದರ ನಂತರ ದಿನಕ್ಕೆ ಆರು ಮನೆಯವರಂತೆ ಕರೆದರೆ ಐದೇ ದಿನಕ್ಕೆ ಮುಗಿಯುತ್ತದೆ. ಆ ಹೆಚ್ಚಿನ ಹೊತ್ತನ್ನು ಶಿಕ್ಷಕರ ಕೆಲಸದ ಅವಧಿಯೆಂದೇ ಲೆಕ್ಕ ಹಿಡಿಯಬೇಕು, ದಾನವಾಗಿ ಕೇಳಬಾರದು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ವಿದ್ಯಾಗಮ ಕಾರ್ಯಕ್ರಮದ ನೆಪದಲ್ಲಿ ಶಿಕ್ಷಕರು ಅರಳಿಕಟ್ಟೆಗೆ, ಗುಡಿಯ ಅಂಗಳಕ್ಕೆ, ಮನೆಯ ಜಗಲಿಗೆ ಹೋಗಿ ಪಾಠ ಮಾಡಿದರು. ಮಕ್ಕಳ ಮನೆ ಹೇಗಿದೆ ಎಂದು ಮೊದಲ ಬಾರಿ ಕಂಡವರೂ ಅವರಲ್ಲಿದ್ದರು. ಬಾರದ ಪೋಷಕರ ಜಗಲಿಗೆ ಟ್ಯಾಬ್ ಹೊತ್ತು ಹೋಗುವುದು ಅಸಾಧ್ಯವೇನಲ್ಲ.

ಒಂದು ಆಕ್ಷೇಪವನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಮಗುವಿನ ತಪ್ಪನ್ನು ವಿಡಿಯೊದಲ್ಲಿ ತೋರಿಸಿದರೆ ಅಪ್ಪ ಅಲ್ಲೇ ಕಿವಿ ಹಿಂಡಬಹುದು. ಮನೆಗೆ ಹೋದ ಮೇಲೆ ಇನ್ನೂ ಕೆಟ್ಟದ್ದು ನಡೆಯಬಹುದು. ಉತ್ತರ ಪತ್ರಿಕೆಯ ಸೊನ್ನೆಗಿಂತ ತಡವರಿಸುವ ದನಿ ಹೆಚ್ಚು ಅವಮಾನ ತರಬಲ್ಲದು. ಇದಕ್ಕೆ ನನಗೆ ಕಾಣುವ ಉಪಾಯ, ಟ್ಯಾಬನ್ನು ಮಗುವಿನ ಕೈಗೇ ಕೊಡುವುದು. ಯಾವ ರೆಕಾರ್ಡಿಂಗ್ ತೋರಿಸಬೇಕು ಎಂದು ಮಗುವೇ ಆರಿಸಲಿ, ‘ಜೂನ್‌ನಲ್ಲಿ ನನಗೆ ಇದು ಬರ್ತಿರ್ಲಿಲ್ಲ, ಈಗ ನೋಡಿ’ ಎಂದು ತಾನೇ ಹೇಳಲಿ. ಅಮೆರಿಕದ ಕೆಲವು ಶಾಲೆಗಳಲ್ಲಿ ಮಕ್ಕಳೇ ಇಂಥ ಸಭೆ ನಡೆಸುವುದುಂಟು. ಕಳೆಯುವ ಲೆಕ್ಕದ ತಪ್ಪನ್ನು ತೋರಿಸುವುದಾದರೆ, ಅದು ತಿದ್ದಿದ ನಂತರದ ರೆಕಾರ್ಡಿಂಗ್ ಜೊತೆಗೇ ತೋರಿಸಬೇಕು. ಇನ್ನೂ ತಿದ್ದಿಲ್ಲವಾದರೆ, ಮುಂದೆ ಏನು ಮಾಡುತ್ತೇವೆ ಎಂದು ಶಿಕ್ಷಕಿ ಹೇಳುವ ಮಾತಿನ ಜೊತೆಗೆ. ಇನ್ನೊಂದು ಮಗುವಿನ ವಿಡಿಯೊ ಪಕ್ಕದಲ್ಲಿಟ್ಟು ಹೋಲಿಸುವುದಂತೂ ಸಲ್ಲದು. ಇಷ್ಟೆಲ್ಲ ಮಾಡಿದರೂ ಕೆಲವು ಮನೆಗಳಲ್ಲಿ ಏಟು ಬೀಳುತ್ತದೆ. ಅಂಥ ಮನೆ ಯಾವುದು ಎಂದು ಶಿಕ್ಷಕಿಗೆ ಸಾಮಾನ್ಯವಾಗಿ ಗೊತ್ತಿರುತ್ತದೆ. ಅಲ್ಲಿ ಟ್ಯಾಬ್ ತೆರೆಯದೆ ಇರುವ ವಿವೇಚನೆಯನ್ನು ಅವರಿಗೇ ಬಿಡಬೇಕು.

ಇನ್ನು ದಾಖಲಾದದ್ದು ಯಾರ ಬಳಿ ಉಳಿಯುತ್ತದೆ ಎಂಬ ಪ್ರಶ್ನೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿ ಬಳಸಲು ಪೋಷಕರ ಖಚಿತ ಒಪ್ಪಿಗೆ ಬೇಕೆಂಬ ತತ್ವ ಇಟ್ಟುಕೊಂಡಿದೆ. ಶಾಲೆಗಳಿಗೆ ಯಾವ ವಿನಾಯಿತಿ ಎಷ್ಟು ಎಂಬುದು ವಕೀಲರ ವಿಷಯ. ಆದರೆ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2022ರಲ್ಲಿ ಪ್ರಕಟಿಸಿದ ವರದಿಗಾಗಿ 49 ದೇಶಗಳ ಸರ್ಕಾರಗಳು ಕೋವಿಡ್ ಕಾಲದಲ್ಲಿ ಶಿಫಾರಸು ಮಾಡಿದ್ದ 160ಕ್ಕೂ ಹೆಚ್ಚು ಕಲಿಕಾ ಆ್ಯಪ್ ಮತ್ತು ಜಾಲತಾಣಗಳನ್ನು ಪರಿಶೀಲಿಸಿದಾಗ, ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳ ಹಕ್ಕಿಗೆ ಧಕ್ಕೆ ತರುವಂಥ ರೀತಿಯಲ್ಲಿ ಮಾಹಿತಿ ಸಂಗ್ರಹಿಸುತ್ತಿದ್ದವು ಅಥವಾ ಸಂಗ್ರಹಿಸಬಲ್ಲವಾಗಿದ್ದವು. ನಮ್ಮ ದೇಶದ ಸರ್ಕಾರಿ ಕಲಿಕಾ ಆ್ಯಪ್ ದೀಕ್ಷಾ ಕೂಡ ಪರಿಶೀಲನೆಗೆ ಒಳಪಟ್ಟವುಗಳಲ್ಲಿ ಒಂದು. ಏಳು ವರ್ಷದ ಮಗು ‘ಸ್ನಾನ’ದ ಮುಂದೆ ನಿಂತ ದನಿ ಯಾವುದೋ ಕಂಪನಿಯ ಸರ್ವರಿನಲ್ಲಿ ಅದರ ಮದುವೆಯವರೆಗೂ ಇರಬೇಕಾದ ಅಗತ್ಯವೇನಿದೆ? ಆ್ಯಪ್ಪೂ ಬೇಡ, ಕ್ಲೌಡೂ ಬೇಡ. ಶಾಲೆಯ ಟ್ಯಾಬಿನಲ್ಲಿ ಮಗುವಿನ ಹೆಸರಿನದೊಂದು ಫೋಲ್ಡರ್ ಸಾಕು. ಶಿಕ್ಷಕರ ಸ್ವಂತ ಫೋನಿನಲ್ಲಿ ಇರಲೇಬಾರದು, ಸ್ಟೇಟಸ್‌ಗೆ ಹಾಕಲಂತೂ ಬಾರದು. ವರ್ಷ ಮುಗಿದಾಗ ಬೇಕೆಂದ ಮನೆಯವರಿಗೆ ಅವರ ಮಗುವಿನದನ್ನು ಕೊಟ್ಟು, ಉಳಿದದ್ದನ್ನು ಅಳಿಸಿಬಿಡಬೇಕು.

ಅಳಿಸಿದರೆ ಮೇಲಿನವರು ಪರಿಶೀಲಿಸುವುದು ಹೇಗೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯೋ (ಸಿಆರ್‌ಪಿ) ಕ್ಷೇತ್ರ ಶಿಕ್ಷಣಾಧಿಕಾರಿಯೋ (ಬಿಇಒ) ಪರಿಶೀಲಿಸಲೇಬೇಕೆಂದಿದ್ದರೆ ಲಿಂಕ್ ಕೇಳುವುದನ್ನು ಬಿಟ್ಟು, ಪೋಷಕರ ಒಪ್ಪಿಗೆ ಪಡೆದು, ಒಂದು ಸಂಜೆ ಬಂದು ಹಿಂದಿನ ಬೆಂಚಿನಲ್ಲಿ ಕೂರಲಿ. ಆ ಎಂಟು ನಿಮಿಷದಲ್ಲಿ ಶಿಕ್ಷಕಿ ಎಷ್ಟು ಹೊತ್ತು ಮಾತಾಡಿದರು, ಮಗು ಎಷ್ಟು, ಅಪ್ಪ-ಅಮ್ಮ ಎಷ್ಟು ಎಂದು ಗಮನಿಸಲಿ. ಅದರ ಫೋಟೊ ತೆಗೆದು ಗುಂಪಿಗೆ ಹಾಕದಿದ್ದರೆ ಆಯಿತು.